ಬಂದರಿನ ಬೋರ್ಡಿಗೆ ಸ್ವತಂತ್ರ ಸದಸ್ಯ ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಯಾರಾದರೂ ದೊಡ್ಡ ಹುದ್ದೆಯಿಂದ ನಿವೃತ್ತರಾದರೆ ಸಾಕು, ಸನ್ಮಾನದ ಶಾಲು ಮಡಚುವ ಮೊದಲೇ ಒಂದು ಮಾತು ಹುಟ್ಟುತ್ತದೆ: "ಇವರನ್ನು ಬಂದರಿನ ಬೋರ್ಡಿಗೆ ಹಾಕಬಹುದಿತ್ತು." ಹಾಕಿದರೆ ಅವರು ಅಲ್ಲಿ ಮಾಡುವುದೇನು ಅಂತ ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಬಂದರು ಅಂದರೆ ಇಲ್ಲಿ ಪಣಂಬೂರಿನ ನವಮಂಗಳೂರು ಬಂದರು, ಕಾನೂನು "ಮೇಜರ್ ಪೋರ್ಟ್" ಅನ್ನುವ ಗುಂಪಿನದ್ದು. ಬೋರ್ಡು ಅಂದರೆ ಅದರ ಆಡಳಿತ ಮಂಡಳಿ, ಹೊರಗಿನವರು ಅಲ್ಲಿ ಕೂರುವುದು ಸ್ವತಂತ್ರ ಸದಸ್ಯರಾಗಿ. ನಾನು ಪಣಂಬೂರಿನ ಕಾಗದಪತ್ರದ ಕೆಲಸದ ಪಕ್ಕದಲ್ಲೇ ವರ್ಷಗಟ್ಟಲೆ ಇದ್ದವನು. ಆದ್ದರಿಂದ ಈ ಪ್ರಶ್ನೆಗಳು ಮದುವೆ ಮನೆಯಲ್ಲೂ ಬಿಡುವುದಿಲ್ಲ. ಒಮ್ಮೆ ಬರೆದಿಟ್ಟರೆ ಆಯಿತು ಅಂತ ಕೂತಿದ್ದೇನೆ.

ಸ್ವತಂತ್ರ ಸದಸ್ಯ ಅಂದರೆ ಬಂದರಿನ ಅಧಿಕಾರಿನಾ?

ಅಲ್ಲ. ಅವರಿಗೆ ಬಂದರಿನಲ್ಲಿ ಆಫೀಸು ಇಲ್ಲ, ಇಲಾಖೆ ಇಲ್ಲ, ಕೈಕೆಳಗೆ ಜನ ಇಲ್ಲ. ಯಾವ ಹಡಗು ಯಾವ ಬರ್ತಿಗೆ (ಹಡಗು ನಿಂತು ಸರಕು ಇಳಿಸುವ ಕಟ್ಟೆಗೆ) ಬರಬೇಕು, ಯಾರಿಗೆ ಬಿಲ್ಲು ಪಾಸು ಮಾಡಬೇಕು ಅನ್ನುವುದೆಲ್ಲ ಅಧ್ಯಕ್ಷರು ಮತ್ತು ಇಲಾಖೆಯ ಮುಖ್ಯಸ್ಥರ ಕೆಲಸ. ಸ್ವತಂತ್ರ ಸದಸ್ಯರು ಬೋರ್ಡಿನ ಸಭೆಗೆ ಬರುತ್ತಾರೆ, ಮುಂದಿಟ್ಟ ಕಡತ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ, ಮತ ಹಾಕುತ್ತಾರೆ. ಓದಿಕೊಂಡು ಬರದೆ ಚಹಾ ಕುಡಿದು ಹೋಗುವವರೂ ಇರಬಹುದು. ಅಂಥವರನ್ನು ತೆಗೆದುಕೊಳ್ಳದಿರುವುದು ಹೇಗೆ ಅನ್ನುವುದೇ ಈ ಇಡೀ ಬರಹದ ವಿಷಯ.

"ಮೇಜರ್ ಪೋರ್ಟ್" ಅಂದರೆ ದೊಡ್ಡ ಬಂದರು ಅಂತಲೇ ಅಲ್ವಾ?

ಅಲ್ಲ ಮಾರಾಯ್ರೆ. ಅದು ಗಾತ್ರದ ಮಾತಲ್ಲ, ಕಾನೂನಿನ ಮಾತು. ಸಂವಿಧಾನದಲ್ಲಿ ಮೇಜರ್ ಪೋರ್ಟ್‌ಗಳು, ಅಂದರೆ ಪ್ರಮುಖ ಬಂದರುಗಳು, ಕೇಂದ್ರದ ಪಟ್ಟಿಯಲ್ಲಿವೆ, ಉಳಿದವು ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ಗುಜರಾತಿನ ಮುಂದ್ರಾ ಸರಕಿನ ಲೆಕ್ಕದಲ್ಲಿ ದೇಶದಲ್ಲೇ ದೊಡ್ಡದು, ಆದರೂ ಅದು ಕಾನೂನಿನ ಪ್ರಕಾರ ಮೇಜರ್ ಪೋರ್ಟ್ ಅಲ್ಲ. ಕರ್ನಾಟಕದಲ್ಲಿ ಇರುವ ಮೇಜರ್ ಪೋರ್ಟ್ ಒಂದೇ, ಪಣಂಬೂರಿನ ನವಮಂಗಳೂರು ಬಂದರು. 1974ರ ಮೇ 4ರಂದು ದೇಶದ 9ನೇ ಪ್ರಮುಖ ಬಂದರು ಅಂತ ಘೋಷಣೆ ಆಯಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕಾರವಾರ, ಹೊನ್ನಾವರ, ನಮ್ಮ ಪೇಟೆಯೊಳಗಿನ ಹಳೇ ಬಂದರು ಇವೆಲ್ಲ ರಾಜ್ಯದ ಕೈಯಲ್ಲಿವೆ. ಇಲ್ಲಿ ಹೇಳುತ್ತಿರುವುದು ಅವುಗಳಿಗೆ ಅನ್ವಯಿಸುವುದಿಲ್ಲ.

ಬೋರ್ಡಿನಲ್ಲಿ ಯಾರ್ಯಾರು ಇರುತ್ತಾರೆ?

2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯ್ದೆ ಬಂದ ಮೇಲೆ, ಬಂದರು ನಡೆಸುತ್ತಿದ್ದ ಪೋರ್ಟ್ ಟ್ರಸ್ಟ್ ಹೋಗಿ ಬಂದರು ಪ್ರಾಧಿಕಾರ ಆಯಿತು. ಅದು ಜಾರಿಗೆ ಬಂದದ್ದು ಅದೇ ವರ್ಷದ ನವೆಂಬರ್ 3ರಂದು. ಈಗಿನ ಲೆಕ್ಕ ಹೀಗಿದೆ: ಅಧ್ಯಕ್ಷರು, ಉಪಾಧ್ಯಕ್ಷರು, ರಾಜ್ಯ ಸರ್ಕಾರದಿಂದ ಒಬ್ಬರು, ರೈಲ್ವೆಯಿಂದ ಒಬ್ಬರು, ರಕ್ಷಣಾ ಸಚಿವಾಲಯದಿಂದ ಒಬ್ಬರು, ಕಸ್ಟಮ್ಸ್‌ನಿಂದ ಒಬ್ಬರು, ಕೇಂದ್ರ ಸರ್ಕಾರ ಹೆಸರಿಸುವ ಇನ್ನೊಬ್ಬ ಅಧಿಕಾರಿ, ಬಂದರಿನ ನೌಕರರ ಪರವಾಗಿ ಇಬ್ಬರು. ಇದರ ಜೊತೆಗೆ ಕನಿಷ್ಠ 2, ಹೆಚ್ಚೆಂದರೆ 4 ಸ್ವತಂತ್ರ ಸದಸ್ಯರು. ಒಟ್ಟು 11ರಿಂದ 13 ಜನ.

ಈಗ ಒಂದು ಸಲ ಬೆರಳು ಮಡಚಿ ಎಣಿಸಿ. ಇವರಲ್ಲಿ ಯಾರಿಗೆ ಮೇಲಧಿಕಾರಿ ಇಲ್ಲ? ರೈಲ್ವೆಯವರು ರೈಲ್ವೆಯ ಮಾತು ಹೇಳಬೇಕು, ರಾಜ್ಯದವರು ಬೆಂಗಳೂರಿನ ಮಾತು ಹೇಳಬೇಕು, ನೌಕರರ ಸದಸ್ಯರು ನೌಕರರ ಮಾತು ಹೇಳಬೇಕು. ಅದು ತಪ್ಪಲ್ಲ, ಅವರನ್ನು ಕೂರಿಸಿದ್ದೇ ಅದಕ್ಕೆ. ಯಾರ ಬಾಯಿಯೂ ಆಗದೆ ಮಾತಾಡಬಹುದಾದ ಕುರ್ಚಿ ಆ ಎರಡೋ ನಾಲ್ಕೋ ಮಾತ್ರ.

ಮೊದಲು ವ್ಯಾಪಾರಸ್ಥರಿಗೂ ಸೀಟು ಇತ್ತಲ್ಲ, ಈಗ ಎಲ್ಲಿ ಹೋಯಿತು?

ಇತ್ತು, ಈಗ ಇಲ್ಲ. 1963ರ ಹಳೇ ಕಾಯ್ದೆಯಲ್ಲಿ ಹಡಗಿನ ಮಾಲೀಕರು, ಹಾಯಿಹಡಗಿನ ಮಾಲೀಕರು, ಸರಕು ಕಳಿಸುವವರು ಅಂತ ಬೇರೆ ಬೇರೆ ಹಿತಗಳಿಗೆ ಜಾಗ ಕೊಟ್ಟಿದ್ದರು. ಬೋರ್ಡು 17ರಿಂದ 19 ಜನರವರೆಗೆ ಬೆಳೆದಿತ್ತು. ಬಂದರಿಗೆ ತಾವು ಕಟ್ಟುವ ಸುಂಕ ಕಡಿಮೆ ಮಾಡಿಸಿಕೊಳ್ಳಲಿಕ್ಕೆ ಬರುತ್ತಾರೆ ಅನ್ನುವುದು ಆಗಿನ ದೂರು, ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು ಅನ್ನಿ.

ಆದರೆ ಆ ಸೀಟುಗಳು ಹೋದಾಗ ಇನ್ನೊಂದೂ ಹೋಯಿತು. ಕೊಡಗಿನ ಕಾಫಿಯ ಕಂಟೇನರ್ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಎರಡು ದಿನ ನಿಂತರೆ, ಹಡಗು ತಪ್ಪಿದರೆ, ಆಮೇಲೆ ಗೋದಾಮಿನ ಬಾಡಿಗೆ, ಕಂಟೇನರಿನ ದಂಡ, ಬ್ಯಾಂಕಿನ ಬಡ್ಡಿ ಹೇಗೆ ಒಂದರ ಮೇಲೊಂದು ಕೂರುತ್ತವೆ ಅಂತ ಅನುಭವದಿಂದ ಹೇಳುವವರು ಮೇಜಿನ ಸುತ್ತ ಇಲ್ಲವಾದರು. ಸ್ವತಂತ್ರ ಸದಸ್ಯರು ವರ್ತಕರ ಪ್ರತಿನಿಧಿ ಅಲ್ಲ, ಆಗಲೂ ಬಾರದು. ಆದರೆ ಈ ಕಷ್ಟ ಗೊತ್ತಿರುವ ಒಬ್ಬರಾದರೂ ಅವರಲ್ಲಿ ಇರಬೇಕು ಅನ್ನುವುದು ನನ್ನ ಹಠ.

ಯಾರು ಆರಿಸುತ್ತಾರೆ? ಪಣಂಬೂರಿಗೆ ಹೋಗಿ ಅರ್ಜಿ ಕೊಡಬೇಕಾ?

ಪಣಂಬೂರಿನಲ್ಲಿ ಅರ್ಜಿ ಕೊಟ್ಟು ಉಪಯೋಗ ಇಲ್ಲ. ನೇಮಕ ಮಾಡುವುದು ಕೇಂದ್ರ ಸರ್ಕಾರ, ಅಂದರೆ ದೆಹಲಿಯಲ್ಲಿರುವ ಬಂದರು, ಹಡಗು ಮತ್ತು ಜಲಮಾರ್ಗ ಸಚಿವಾಲಯ. ಬೋರ್ಡು ತನ್ನ ಸ್ವತಂತ್ರ ಸದಸ್ಯರನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಸಚಿವಾಲಯದ ಜಾಲತಾಣದ ಪ್ರಕಟಣೆಗಳ ಮೇಲೆ ಕಣ್ಣಿಡಿ. "ನನಗೆ ಒಳಗೆ ಜನ ಗೊತ್ತು, ಹೆಸರು ಹಾಕಿಸ್ತೇನೆ" ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ದುಡ್ಡು ಕೊಡುವ ಮೊದಲು, ದುಡ್ಡು ಕೊಟ್ಟು ಗಳಿಸಿದ ಕುರ್ಚಿಗೆ ಸ್ವತಂತ್ರ ಅನ್ನುವ ಹೆಸರು ಒಪ್ಪುತ್ತದಾ ಅಂತ ಯೋಚಿಸಿ.

ಕಂಪನಿಗಳ ಸ್ವತಂತ್ರ ನಿರ್ದೇಶಕರ ಪರೀಕ್ಷೆ ಬರೆದರೆ ಇದಕ್ಕೂ ಆಗುತ್ತದಾ?

ಇಲ್ಲಿ ಜನ ಎರಡು ಬೇರೆ ವಿಷಯವನ್ನು ಒಂದೇ ಮಾಡಿಕೊಳ್ಳುತ್ತಾರೆ. ಸ್ವತಂತ್ರ ನಿರ್ದೇಶಕ ಅನ್ನುವುದು 2013ರ ಕಂಪನಿ ಕಾಯ್ದೆಯ ಮಾತು. ಅದಕ್ಕೆ ಡಿಐಎನ್ ಅನ್ನುವ ನಿರ್ದೇಶಕರ ಗುರುತಿನ ನಂಬರು ಬೇಕು, 2019ರ ಡಿಸೆಂಬರಿನಿಂದ ಸ್ವತಂತ್ರ ನಿರ್ದೇಶಕರ ಡೇಟಾಬ್ಯಾಂಕಿನಲ್ಲಿ ಹೆಸರು ಇರಬೇಕು, ಸಾಕಷ್ಟು ಅನುಭವ ಇದ್ದವರಿಗೆ ವಿನಾಯಿತಿ ಬಿಟ್ಟರೆ ಉಳಿದವರು ಆನ್‌ಲೈನ್ ಪರೀಕ್ಷೆ ಪಾಸಾಗಬೇಕು. ನವಮಂಗಳೂರು ಬಂದರು ಪ್ರಾಧಿಕಾರ ಕಂಪನಿಯಲ್ಲ, ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಅಲ್ಲಿ ಇರುವುದು ಸ್ವತಂತ್ರ ಸದಸ್ಯರು. ಮೇಜರ್ ಪೋರ್ಟ್‌ಗಳ ಪೈಕಿ ಚೆನ್ನೈ ಹತ್ತಿರದ ಎನ್ನೋರಿನ ಕಾಮರಾಜರ್ ಬಂದರು ಕಂಪನಿಯಾಗಿ ಹುಟ್ಟಿದ್ದು, ಅದರ ದಾರಿ ಬೇರೆ. ಪರೀಕ್ಷೆಗೆ ಓದಿದ್ದು ವ್ಯರ್ಥ ಆಗುವುದಿಲ್ಲ ಬಿಡಿ, ಬ್ಯಾಲೆನ್ಸ್ ಶೀಟು ಓದಲಿಕ್ಕಾದರೂ ಬರುತ್ತದೆ.

ಎಂಥವರು ಬೇಕು? ಹಡಗಿನ ಕ್ಯಾಪ್ಟನ್ ಆಗಿದ್ದರೆ ಒಳ್ಳೆಯದಾ?

ಒಳ್ಳೆಯದೇ, ಆದರೆ ನಾಲ್ಕು ಜನ ಕ್ಯಾಪ್ಟನ್‌ಗಳು ಬೇಡ. ನೇಮಕ ಮಾಡುವವರು ಮೊದಲು ನೋಡಬೇಕಾದ್ದು ಮನುಷ್ಯರನ್ನಲ್ಲ, ಮೇಜನ್ನು. ಅಲ್ಲಿ ಯಾವ ತಿಳಿವಳಿಕೆ ಆಗಲೇ ಇದೆ, ಯಾವುದು ಇಲ್ಲ ಅಂತ ಪಟ್ಟಿ ಮಾಡಬೇಕು. ಆಡಳಿತ ಗೊತ್ತಿರುವವರು ಬೋರ್ಡಿನಲ್ಲಿ ಬೇಕಾದಷ್ಟು ಇರುತ್ತಾರೆ, ಮತ್ತೊಬ್ಬ ನಿವೃತ್ತ ಅಧಿಕಾರಿ ಬಂದರೆ ಅದೇ ರಾಗ ಇನ್ನೊಂದು ಗಂಟಲಲ್ಲಿ ಬರುತ್ತದೆ ಅಷ್ಟೇ.

ಇವತ್ತಿನ ಬಂದರು ತಾನೇ ಸರಕು ಎತ್ತುವುದು ಕಡಿಮೆ ಆಗುತ್ತಾ ಬಂದಿದೆ. ಜಾಗ, ನೀರು, ಅಲೆತಡೆ, ಹಡಗಿನ ಕಾಲುವೆ ಬಂದರಿನದ್ದು. ಬರ್ತನ್ನು ದಶಕಗಟ್ಟಲೆ ಗುತ್ತಿಗೆಗೆ ಖಾಸಗಿಯವರಿಗೆ ಕೊಡುತ್ತಾರೆ, ಅವರು ಯಂತ್ರ ಹಾಕಿ ನಡೆಸುತ್ತಾರೆ, ಬಂದರಿಗೆ ಟನ್ನಿನ ಲೆಕ್ಕದಲ್ಲೋ ಆದಾಯದ ಪಾಲಿನಲ್ಲೋ ದುಡ್ಡು ಬರುತ್ತದೆ. ಅಂದರೆ ಬೋರ್ಡು ಒಂದು ಸಂಜೆ ಒಪ್ಪಿದ ಕರಾರು, ಒಪ್ಪಿದವರೆಲ್ಲ ಮನೆಗೆ ಹೋಗಿ ಮೊಮ್ಮಕ್ಕಳ ಮದುವೆ ಮಾಡುವ ಹೊತ್ತಿಗೂ ನಡೆಯುತ್ತಲೇ ಇರುತ್ತದೆ. ಸರಕು ಅಂದುಕೊಂಡಷ್ಟು ಬರದಿದ್ದರೆ ನಷ್ಟ ಯಾರಿಗೆ, ಹೂಳು ತೆಗೆಯಲು ತಡವಾಗಿ ದೊಡ್ಡ ಹಡಗು ಒಳಗೆ ಬರಲಾಗದಿದ್ದರೆ ಯಾರು ಯಾರಿಗೆ ಪರಿಹಾರ ಕೊಡಬೇಕು ಅಂತ ಆ ಕರಾರಿನ ಯಾವುದೋ ಪುಟದಲ್ಲಿ ಇರುತ್ತದೆ. ಆ ಪುಟ ತೆರೆದು ಓದುವ ತಾಳ್ಮೆ ಇರುವವರು ಬೇಕು. ವಕೀಲರೇ ಆಗಬೇಕಂತಿಲ್ಲ.

ಇನ್ನೊಂದು, ಸುಂಕ. ಮೊದಲು ಪ್ರಮುಖ ಬಂದರುಗಳ ದರ ನಿಗದಿಗೆ 1997ರಲ್ಲಿ ಮಾಡಿದ ಪ್ರತ್ಯೇಕ ಪ್ರಾಧಿಕಾರ ಇತ್ತು. ಹೊಸ ಕಾಯ್ದೆಯಲ್ಲಿ ಆ ಅಧಿಕಾರ ಬೋರ್ಡಿಗೇ ಬಂತು. ದರ ಏರಿಸಿದರೆ ಸರಕು ಪಕ್ಕದ ಬಂದರಿಗೆ ಓಡುತ್ತದೆ, ಇಳಿಸಿದರೆ ಪಿಂಚಣಿ ಕೊಡಲಿಕ್ಕೂ ತಲೆ ಕೆರೆದುಕೊಳ್ಳಬೇಕು. ಬಂದರಿನ ಬಂಡವಾಳ ಮೀಸಲಿನ ಅರ್ಧಕ್ಕಿಂತ ಜಾಸ್ತಿ ಸಾಲ ಎತ್ತಬೇಕಾದರೆ ದೆಹಲಿಯ ಒಪ್ಪಿಗೆ ಬೇಕು, ಅಷ್ಟರೊಳಗಿನದ್ದು ಬೋರ್ಡಿನ ಬುದ್ಧಿಗೆ ಬಿಟ್ಟದ್ದು. ಹಾಗಾಗಿ ಲೆಕ್ಕ ಬಲ್ಲವರು ಒಬ್ಬರು ಇರಲೇಬೇಕು. ಲೆಕ್ಕ ಅಂದರೆ ಬರೀ ಆಡಿಟ್ ಅಲ್ಲ, ಈ ವ್ಯಾಪಾರ ಹತ್ತು ವರ್ಷದ ನಂತರ ಉಳಿಯುತ್ತದಾ ಅನ್ನುವ ಲೆಕ್ಕ.

ಉದಾಹರಣೆ ದೂರ ಹುಡುಕಬೇಕಿಲ್ಲ. ಕುದುರೆಮುಖದ ಕಬ್ಬಿಣದ ಅದಿರು ಪುಡಿಯಾಗಿ, ನೀರಿನ ಜೊತೆ ಸೇರಿ, ಘಟ್ಟದಿಂದ 67 ಕಿಲೋಮೀಟರ್ ಕೊಳವೆಯಲ್ಲಿ ಹರಿದು ಪಣಂಬೂರಿಗೆ ಬರುತ್ತಿತ್ತು. ಬಂದರಿನ ದೊಡ್ಡ ಸರಕುಗಳಲ್ಲಿ ಅದೂ ಒಂದು. ಸುಪ್ರೀಂ ಕೋರ್ಟಿನ ತೀರ್ಪಿನಿಂದ 2005ರ ಕೊನೆಗೆ ಗಣಿ ನಿಂತಿತು. ಈಗ ಬಂದರಿನಲ್ಲಿ ಕಚ್ಚಾತೈಲ, ಪೆಟ್ರೋಲಿಯಂ, ಅಡುಗೆ ಅನಿಲ, ಕಲ್ಲಿದ್ದಲಿನ ಭರಾಟೆ, ವರ್ಷಕ್ಕೆ 4 ಕೋಟಿ ಟನ್ ದಾಟಿ ಸರಕು ಬರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುವಾಗ "ಇದೂ ಒಂದು ದಿನ ನಿಂತರೆ?" ಅಂತ ಕೇಳಿ ಸಭೆಯ ಮೂಡು ಕೆಡಿಸುವ ಮನುಷ್ಯ ಬೇಕು. ಅಂಥವರನ್ನು ಮನೆಯಲ್ಲಿ ಸಹಿಸುವುದು ಕಷ್ಟ, ಬೋರ್ಡಿನಲ್ಲಿ ಅವರಿಲ್ಲದೆ ಆಗುವುದಿಲ್ಲ.

ನಾನು ಬಂದರಿನ ಜೊತೆ ವ್ಯವಹಾರ ಮಾಡುತ್ತೇನೆ. ನನಗೆ ಬಂದರು ಚೆನ್ನಾಗಿ ಗೊತ್ತು. ನಾನು ಆಗಬಹುದಲ್ಲ?

ಇದೇ ನೋಡಿ ನಿಜವಾದ ಗಂಟು. ಮಂಗಳೂರಿನಲ್ಲಿ ಬಂದರು ಚೆನ್ನಾಗಿ ಗೊತ್ತಿರುವವರು ಯಾರು? ಕಸ್ಟಮ್ಸ್ ಏಜೆಂಟರು, ಹಡಗು ಏಜೆಂಟರು, ಸರಕು ಇಳಿಸುವ ಸ್ಟೀವೆಡೋರ್‌ಗಳು, ಲಾರಿ ಮಾಲೀಕರು, ಗೋದಾಮಿನವರು, ಸಿವಿಲ್ ಗುತ್ತಿಗೆದಾರರು. ಇವರೆಲ್ಲರ ಅನ್ನ ಬಂದರಿನಿಂದಲೇ. ಬಂದರಿನಿಂದ ಅನ್ನ ತಿನ್ನದವರಿಗೆ ಬಂದರಿನ ಬಗ್ಗೆ ಗೊತ್ತಿರುವುದು ಪಣಂಬೂರು ಬೀಚು ಮಾತ್ರ.

ಬಂದರಿನ ಕೆಲಸದಲ್ಲಿ, ಕರಾರಿನಲ್ಲಿ ಸ್ವಂತ ಲಾಭ ಇದ್ದು, ಅದು ತೀರ್ಮಾನಕ್ಕೆ ಅಡ್ಡ ಬರುವಂತಿದ್ದರೆ ಸದಸ್ಯರಾಗುವಂತಿಲ್ಲ. ದಿವಾಳಿ ಆದವರು, ನೀತಿಗೆಟ್ಟ ಅಪರಾಧದಲ್ಲಿ ಶಿಕ್ಷೆಯಾದವರು, ಸರ್ಕಾರಿ ಸೇವೆಯಿಂದ ವಜಾ ಆದವರೂ ಆಗುವುದಿಲ್ಲ. ಈ ಕೊನೆಯ ಮೂರು ಕಾಗದದಲ್ಲಿ ಸಿಗುತ್ತವೆ. ಮೊದಲನೆಯದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಕಂಪನಿ ಹೆಂಡತಿಯ ಹೆಸರಲ್ಲಿ, ಲಾರಿ ಭಾವನ ಹೆಸರಲ್ಲಿ, ಗೋದಾಮು ಹಳೇ ಪಾಲುದಾರರ ಹೆಸರಲ್ಲಿ ಇರುವುದು ನಮ್ಮ ಊರಿಗೇನೂ ಹೊಸದಲ್ಲ.

ಹಾಗಾದರೆ ದಾರಿ ಏನು? ನನ್ನ ಪ್ರಕಾರ ವ್ಯವಹಾರ ಬಿಟ್ಟು ಕೆಲವು ವರ್ಷ ಕಳೆದವರು, ಬೇರೆ ಕರಾವಳಿಯ ಬಂದರಿನಲ್ಲಿ ದುಡಿದು ಊರಿಗೆ ಮರಳಿದವರು, ಹಡಗಿನಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವರು, ಬ್ಯಾಂಕಿನಲ್ಲಿ ದೊಡ್ಡ ಯೋಜನೆಗಳ ಸಾಲ ನೋಡಿದವರು, ಇಂಥವರ ಕಡೆ ಕಣ್ಣು ಹಾಯಿಸಬೇಕು. ಕೊಚ್ಚಿಯಲ್ಲೋ ವಿಶಾಖಪಟ್ಟಣದಲ್ಲೋ ಕೆಲಸ ಮಾಡಿದ ಕರಾವಳಿಯವರು ಕಡಿಮೆಯೇನಿಲ್ಲ. ಗಲ್ಫಿನ ಬಂದರುಗಳಲ್ಲಿ ಇಪ್ಪತ್ತು ವರ್ಷ ಟರ್ಮಿನಲ್ ನಡೆಸಿ ಬಂದು ಈಗ ಅಡಿಕೆ ತೋಟಕ್ಕೆ ನೀರು ಬಿಡುತ್ತಾ ಕೂತವರೂ ಇದ್ದಾರೆ. ಅವರ ಹೆಸರು ಯಾರಿಗೂ ನೆನಪಾಗುವುದಿಲ್ಲ, ಯಾಕೆಂದರೆ ಅವರು ಸನ್ಮಾನ ಸಭೆಗಳಿಗೆ ಹೋಗುವುದಿಲ್ಲ.

ಸಣ್ಣ ಪ್ರಮಾಣದ ಸಂಬಂಧ ಇದ್ದರೆ? ಬಂದರಿಗೆ ಸರಕು ಕಳಿಸುವ ಕಂಪನಿಯ ನೂರು ಶೇರು ಇದೆ ಅನ್ನಿ.

ಮೊದಲೇ ಬರೆದು ಹೇಳಿಬಿಡಿ. ಆ ಕಂಪನಿಯ ವಿಷಯ ಸಭೆಗೆ ಬಂದಾಗ ಮತ್ತೊಮ್ಮೆ ಹೇಳಿ, ಚರ್ಚೆಯಿಂದ ಹೊರಗಿರಿ, ಮಿನಿಟ್ಸ್‌ನಲ್ಲಿ (ಸಭೆಯ ನಡಾವಳಿಯಲ್ಲಿ) ಅದು ದಾಖಲಾಗಿದೆಯಾ ಅಂತ ನೋಡಿ. ಮುಚ್ಚಿಟ್ಟರೆ ನೂರು ಶೇರು ಲಕ್ಷ ಶೇರಿನಷ್ಟು ಭಾರ ಆಗುತ್ತದೆ.

ಎಷ್ಟು ದುಡ್ಡು ಸಿಗುತ್ತದೆ?

ಸಂಬಳ ಇಲ್ಲ. ಸರ್ಕಾರದ ನಿಯಮದಂತೆ ಗೌರವಧನ, ಭತ್ಯೆ ಸಿಗುತ್ತದೆ. ಇದರಿಂದ ಮನೆ ನಡೆಯುತ್ತದೆ ಅನ್ನುವ ಲೆಕ್ಕ ಇದ್ದರೆ ದಯವಿಟ್ಟು ಬೇಡ.

ಎಷ್ಟು ಕಾಲ? ಎಷ್ಟು ಸಮಯ ಕೊಡಬೇಕು?

ಮೂರು ವರ್ಷ. ಬೋರ್ಡನ್ನೇ ಮೂರು ವರ್ಷಕ್ಕೊಮ್ಮೆ ಹೊಸದಾಗಿ ರಚಿಸಬೇಕು. ಸಮಯದ ಲೆಕ್ಕದಲ್ಲಿ ಸಭೆ ದೊಡ್ಡದಲ್ಲ, ಸಭೆಯ ಹಿಂದಿನ ರಾತ್ರಿಗಳು ದೊಡ್ಡವು. ಅಜೆಂಡಾದ ಕಟ್ಟು ದಪ್ಪ ಇರುತ್ತದೆ, ಮುಖ್ಯ ವಿಷಯ ಸಾಮಾನ್ಯವಾಗಿ ಅನುಬಂಧದಲ್ಲಿ ಅಡಗಿರುತ್ತದೆ. ಮೊದಲ ವರ್ಷ ಬಂದರನ್ನು ಅರ್ಥ ಮಾಡಿಕೊಳ್ಳಲಿಕ್ಕೇ ಹೋಗುತ್ತದೆ. ಮಳೆಗಾಲದಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಹೂಳೆತ್ತುವಾಗ ಒಮ್ಮೆ ಜಾಗಕ್ಕೆ ಹೋಗಿ ನೋಡಿದವರಿಗೂ, ಸಭಾಂಗಣದ ಸ್ಲೈಡು ನೋಡಿದವರಿಗೂ ವ್ಯತ್ಯಾಸ ಇದೆ. ಇದು ನೆಲ ಅಗೆದು ಮಾಡಿದ ಬಂದರು, ಪ್ರಕೃತಿ ಕೊಟ್ಟದ್ದಲ್ಲ. ಸುಮ್ನೆ ಬಿಟ್ಟರೆ ಸಮುದ್ರ ತನ್ನ ಮಣ್ಣು ತಂದು ತುಂಬುತ್ತದೆ.

ನಮ್ಮ ಹುಡುಗನಿಗೆ ಬಂದರಿನಲ್ಲಿ ಕೆಲಸ ಕೊಡಿಸಬಹುದಾ?

ಇಲ್ಲ. ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಮೊದಲು ಬಂದಿದ್ದರೆ ಮುಂದೆ ಓದಬೇಕಾಗಿಲ್ಲ.

ಸಭೆಯಲ್ಲಿ ಎಂಥ ಪ್ರಶ್ನೆ ಕೇಳಬೇಕು?

ದುಡ್ಡಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ನಾನು ಆಯ್ಕೆ ಮಾಡುವವನಾಗಿದ್ದರೆ ಸುರಕ್ಷತೆಯ ಬಗ್ಗೆ ಒಂದು ಪ್ರಶ್ನೆ ಹಾಕಿ ನೋಡುತ್ತಿದ್ದೆ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಸಿಡಿದದ್ದು ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್. ಅದು ಗುಟ್ಟಿನ ಸರಕಾಗಿರಲಿಲ್ಲ, ಪತ್ರಗಳು ಓಡಾಡಿದ್ದವು, ತೆಗೆಸುವವರು ಇರಲಿಲ್ಲ. ಹಾಗಾದರೆ ನಮ್ಮ ಶೆಡ್ಡುಗಳಲ್ಲಿ ಯಾರೂ ಬಿಡಿಸಿಕೊಳ್ಳದೆ ಬಿದ್ದಿರುವ ಸರಕು ಏನೇನಿದೆ, ಎಷ್ಟು ದಿನದಿಂದ? ಈ ಒಂದು ಸಾಲು ಕೇಳಲಿಕ್ಕೆ ಕ್ಯಾಪ್ಟನ್ ಆಗಬೇಕಿಲ್ಲ, ಎಂಜಿನಿಯರೂ ಆಗಬೇಕಿಲ್ಲ.

2025ರ ಜೂನ್‌ನಲ್ಲಿ ಕೇರಳದ ಕಡಲಲ್ಲಿ ವಾನ್ ಹೈ 503 ಕಂಟೇನರ್ ಹಡಗಿಗೆ ಬೆಂಕಿ ಬಿತ್ತಲ್ಲ, ಪಾರಾದ 18 ಸಿಬ್ಬಂದಿಯನ್ನು ನೌಕಾಪಡೆಯ ಹಡಗು ತಂದಿಳಿಸಿದ್ದು ಪಣಂಬೂರಿಗೇ. ನಡುಗಡಲಿನ ಅನಾಹುತ ನಮ್ಮ ಕಟ್ಟೆಗೆ ಬರಲಿಕ್ಕೆ ಒಂದು ದಿನ ಸಾಕು. ಬೆಂಕಿ ಆರಿಸುವ ಟಗ್ ದೋಣಿ ಎಷ್ಟು ಸಿದ್ಧ, ಎಣ್ಣೆ ಚೆಲ್ಲಿದರೆ ತಡೆಯುವ ಸಾಮಾನು ಎಲ್ಲಿದೆ, ಕೊನೆಯ ಅಣಕು ಕಾರ್ಯಾಚರಣೆ ಯಾವಾಗ ಆಯಿತು, ಅದರಲ್ಲಿ ಏನು ಕೈಕೊಟ್ಟಿತು ಅಂತ ಕೇಳಬೇಕು. "ಎಲ್ಲ ಸರಿಯಾಗಿತ್ತು" ಅನ್ನುವ ಉತ್ತರ ಬಂದರೆ ಎರಡನೇ ಸಲ ಕೇಳಬೇಕು.

ಎಲ್ಲರೂ ಸರ್ಕಾರದವರೇ ಇರುವಾಗ ಒಬ್ಬಿಬ್ಬರು ವಿರೋಧಿಸಿ ಏನು ಪ್ರಯೋಜನ?

ತೀರ್ಮಾನ ಬಹುಮತದಿಂದ, ಸಮ ಆದರೆ ಅಧ್ಯಕ್ಷರಿಗೆ ಇನ್ನೊಂದು ಮತ. ಹಾಗಾಗಿ ಎಣಿಕೆಯಲ್ಲಿ ಗೆಲ್ಲುವುದು ಅಪರೂಪ. ಆದರೆ ಮಿನಿಟ್ಸ್‌ನಲ್ಲಿ ಬರೆಸಿದ ಒಂದು ಆಕ್ಷೇಪಣೆಗೆ ಆಯುಸ್ಸು ಜಾಸ್ತಿ. ಬಂದರಿನ ಲೆಕ್ಕ ನೋಡುವುದು ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು, ಮಾಹಿತಿ ಹಕ್ಕಿನ ಅರ್ಜಿಯೂ ಅಲ್ಲಿಗೆ ಹೋಗುತ್ತದೆ. ನಾಳೆ ಯಾರೋ ಆ ಕಡತ ತೆರೆದಾಗ ಒಬ್ಬರಾದರೂ ಕೇಳಿದ್ದರು ಅಂತ ಕಾಣುತ್ತದೆ ಅನ್ನುವುದು ಗೊತ್ತಿದ್ದರೆ, ಪ್ರಸ್ತಾವ ತರುವವರೂ ಸ್ವಲ್ಪ ನೆಟ್ಟಗೆ ತಯಾರಾಗಿ ಬರುತ್ತಾರೆ. ಜಗಳಗಂಟರು ಬೇಡ ಮತ್ತೆ. ಪ್ರತಿ ವಿಷಯಕ್ಕೂ ಎದ್ದು ನಿಲ್ಲುವವರ ಮಾತನ್ನು ಮೂರನೇ ಸಭೆಯಿಂದ ಯಾರೂ ಕೇಳುವುದಿಲ್ಲ.

ಹೆಂಗಸರಿಗೆ ಮೀಸಲಾತಿ ಇದೆಯಾ?

ಈ ಕುರ್ಚಿಗಳಿಗೆ ಅಂತ ಪ್ರತ್ಯೇಕ ಮೀಸಲು ಇಲ್ಲ. ಆರಿಸುವವರು ಮನಸ್ಸು ಮಾಡಬೇಕು ಅಷ್ಟೇ. ಬಂದರು ಗಂಡಸರ ಜಾಗ ಅನ್ನುವವರು ಒಂದು ಬೆಳಿಗ್ಗೆ ಮೀನುಗಾರಿಕೆಯ ಧಕ್ಕೆಗೆ ಹೋಗಿ ಮೀನಿನ ಲೆಕ್ಕ ಯಾರು ಹಿಡಿಯುತ್ತಾರೆ ಅಂತ ನೋಡಿ ಬರಲಿ.

ಬೇರೆ ದೇಶಗಳಲ್ಲಿ ಹೇಗೆ ಮಾಡುತ್ತಾರೆ?

ಬ್ರಿಟನ್ನಿನಲ್ಲಿ ಡೋವರ್, ಲಂಡನ್ನಿನ ಥೇಮ್ಸ್ ನದಿ ನೋಡಿಕೊಳ್ಳುವ ಪ್ರಾಧಿಕಾರ ಇವೆಲ್ಲ ಶೇರುದಾರರೇ ಇಲ್ಲದ ಟ್ರಸ್ಟ್ ಬಂದರುಗಳು. ಅಲ್ಲಿ ಆಡಳಿತ ನಡೆಸದ ಸದಸ್ಯರು ಬೇಕಾದಾಗ ಸಾರ್ವಜನಿಕವಾಗಿ ಜಾಹೀರಾತು ಹಾಕುತ್ತಾರೆ. ಯಾವ ಅನುಭವ ಬೇಕು, ಎಷ್ಟು ದಿನ ಕೊಡಬೇಕು, ಎಷ್ಟು ಹಣ ಸಿಗುತ್ತದೆ ಎಲ್ಲ ಅದರಲ್ಲೇ ಇರುತ್ತದೆ. ಊರಿನವರು ಓದುತ್ತಾರೆ, ಯೋಗ್ಯರಿಗೆ ತಾವೇ ಹೇಳುತ್ತಾರೆ. ನಾವು ಟ್ರಸ್ಟ್ ಅನ್ನುವ ಪದವನ್ನು ಅವರಿಂದ ತಂದೆವು, ಆ ಪದ ಬಿಟ್ಟೂ ಆಯಿತು. ಜಾಹೀರಾತಿನ ಈ ಅಭ್ಯಾಸ ತಂದಿದ್ದರೆ ಚೆನ್ನಾಗಿತ್ತು.

ಬಯೋಡೇಟಾದಲ್ಲಿ ಏನು ಬರೆಯಲಿ?

ನಾಲ್ಕು ಪುಟದ ಪ್ರಶಸ್ತಿ ಪಟ್ಟಿ ಬೇಡ. ಎರಡು ಪುಟ ಸಾಕು. ದೊಡ್ಡ ಮೊತ್ತದ ತೀರ್ಮಾನ ಯಾವಾಗ ತೆಗೆದುಕೊಂಡಿರಿ, ಯಾವಾಗ "ಇದು ಬೇಡ" ಅಂತ ಹೇಳಿ ಅದರಿಂದ ಏನಾಯಿತು, ಇದನ್ನು ಬರೆಯಿರಿ. ನೀವು ಮತ್ತು ಮನೆಯವರು ಬಂದರಿನ ಯಾವ ವ್ಯವಹಾರದಲ್ಲಿ ಇದ್ದೀರಿ ಅಂತ ಕೇಳುವ ಮೊದಲೇ ಒಂದು ಪ್ಯಾರಾ ಹಾಕಿ. ಇಲ್ಲ ಅಂದರೆ ಇಲ್ಲ ಅಂತ ಬರೆಯಿರಿ. ಶಿಫಾರಸು ಪತ್ರ ಲಗತ್ತಿಸಬೇಡಿ, ಅದರಲ್ಲೂ ಲೆಟರ್‌ಹೆಡ್ ದೊಡ್ಡದಾಗಿದ್ದು ಒಳಗೆ ಎರಡೇ ಸಾಲು ಇರುವಂಥದ್ದನ್ನು. ಮತ್ತೆ ಫೋಟೋ ಹಾಕುವುದಾದರೆ ಶಾಲು, ಪೇಟ ಇಲ್ಲದ್ದು ಒಂದು ಹುಡುಕಿ.